ಕುದುರೆ ನಿಂತಲ್ಲಿ ಕಥೆ

ನಮ್ಮ ಕಡೆ ಜನ ಸೇರಿ ಎಳೆಯುವುದು ಎರಡೇ: ಜಾತ್ರೆಯಲ್ಲಿ ತೇರು, ಟೀವಿಯಲ್ಲಿ ಧಾರಾವಾಹಿ. ತೇರಿಗಾದರೆ ಪಾದಗಟ್ಟೆ ಎಂಬ ಗುರಿಯಿದೆ, ಹೊತ್ತು ಮುಳುಗುವುದರೊಳಗೆ ಮುಟ್ಟಿ ತಿರುಗಿ ಬರುತ್ತದೆ. ಧಾರಾವಾಹಿಗೆ ಅದೂ ಇಲ್ಲ. ಅತ್ತೆ ಸೊಸೆಯ ಕೆನ್ನೆಗೆ ಹೊಡೆದ ಒಂದು ಏಟನ್ನು ಮೂರು ಕಡೆಯಿಂದ ತೋರಿಸಿ, ಮನೆಮಂದಿಯ ಮುಖ ಒಂದೊಂದಾಗಿ ತೋರಿಸುವಷ್ಟರಲ್ಲಿ ಅರ್ಧ ತಾಸು ಮುಗಿಯುತ್ತದೆ. 'ಪುಟ್ಟ ಗೌರಿ ಮದುವೆ'ಯ ಗೌರಿ ಬೆಟ್ಟದಿಂದ ಬಿದ್ದೂ ಬದುಕಿ ದಿನಗಟ್ಟಲೆ ಕಾಡಿನಲ್ಲಿ ಅಲೆದಾಗ, 2017ರಲ್ಲಿ, ನಾಡಿಗೆ ನಾಡೇ ನಕ್ಕಿತು. ನಕ್ಕವರೆಲ್ಲ ಮರುದಿನ ಸಂಜೆ ಮತ್ತೆ ಟೀವಿಯ ಮುಂದೆ ಕೂತಿದ್ದರು ಎಂಬುದು ಬೇರೆ ಮಾತು. ನಾನೂ ಕೂತಿದ್ದೆ.

ಇದೇ ದೂರನ್ನು ಬೇರೆ ರೀತಿಯಲ್ಲಿ ನನ್ನ ಮುಂದೆ ಇಟ್ಟವಳು ನನ್ನ ತಮ್ಮನ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಅವಳಿಗೆ. ಓದುವ ಚಟ ಮಾತ್ರ ನಮ್ಮ ಮನೆಯದೇ. ಇಂಗ್ಲಿಷಿನಲ್ಲಿ ದಪ್ಪ ದಪ್ಪ ಸಂಪುಟಗಳಾಗಿ ಬರುವ ಕಲ್ಪನಾಲೋಕದ ಕಥೆಗಳನ್ನು ಓದುತ್ತಾಳೆ: ರಾಜ್ಯಗಳು, ಮಾಂತ್ರಿಕರು, ಮಾತಾಡುವ ಖಡ್ಗಗಳು, ಹಾರುವ ಹಾವುಗಳು. ರಾಬರ್ಟ್ ಜೋರ್ಡನ್ ಎಂಬಾತ 'ವೀಲ್ ಆಫ್ ಟೈಮ್' ಅಂತ ಒಂದು ಸರಣಿ ಬರೆದ. ಮೊದಲ ಸಂಪುಟ ಬಂದದ್ದು 1990ರಲ್ಲಿ. ಬರೆಯುತ್ತ ಬರೆಯುತ್ತ 2007ರಲ್ಲಿ ಆತನೇ ತೀರಿಕೊಂಡ. ಉಳಿದದ್ದನ್ನು ಬ್ರಾಂಡನ್ ಸ್ಯಾಂಡರ್ಸನ್ ಎಂಬ ಇನ್ನೊಬ್ಬ ಬರೆದು, ಹದಿನಾಲ್ಕನೆಯ ಸಂಪುಟಕ್ಕೆ ಕಥೆ ಮುಗಿಯುವಾಗ 2013 ಬಂದಿತ್ತು. ಜಾರ್ಜ್ ಮಾರ್ಟಿನ್ ಎಂಬ ಮತ್ತೊಬ್ಬನದು 1996ರಲ್ಲಿ ಶುರುವಾಗಿ ಐದನೆಯ ಸಂಪುಟ 2011ರಲ್ಲಿ ಬಂತು. ಆರನೆಯದಕ್ಕೆ ಓದುಗರು ಇನ್ನೂ ಕಾಯುತ್ತಿದ್ದಾರೆ.

"ಅತ್ತಿ, ನಾಕನೂರು ಪುಟ ಆದ್ವು, ಅವರು ಇನ್ನ ನಡಕೋತನ ಹೊಂಟಾರ. ಕತಿ ಮುಂದಕ್ಕ ಹೋಗವಲ್ದು. ಕಡೀಕ್ ಒಂದು ಕಷ್ಟ ಬಂತು ಅನ್ನೂದ್ರಾಗ ಯಾರರೆ ಮಂತ್ರಾ ಹಾಕಿ ಬಿಡಿಸೇ ಬಿಡ್ತಾರ. ಹಂಗಾದ್ರ ನಾ ಯಾಕ ಇಷ್ಟ ಹೊತ್ತು ಹೆದರಿ ಕುಂತಿದ್ದೆ?" ಎಂದು ಫೋನಿನಲ್ಲಿ ಕೇಳಿದಳು.

ಅವಳ ದೂರು ಎರಡು. ಕಥೆ ನಿಧಾನ ಎನ್ನುವುದು ಒಂದು. ಬಿಗಿಯಾದ ಗಂಟನ್ನು ಕೈಯಿಂದ ಬಿಚ್ಚದೆ ಮಾಯೆಯಿಂದ ಬಿಚ್ಚುತ್ತಾರೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ನಕ್ಕೆ. ಎರಡನೆಯದು ಮಾತ್ರ ನನ್ನನ್ನು ಬಿಡಲಿಲ್ಲ. ಅದು ಕಥೆಯ ಪ್ರಶ್ನೆಯಾಗಿ ಕಂಡರೂ ಒಳಗೆ ನ್ಯಾಯದ ಪ್ರಶ್ನೆ. ಕಷ್ಟದಲ್ಲಿದ್ದವರನ್ನು ಪವಾಡ ಬಂದು ಬಿಡಿಸಿದರೆ, ಕಷ್ಟ ಕೊಟ್ಟವರ ಲೆಕ್ಕ ಯಾರು ಕೇಳಬೇಕು?

ಇದನ್ನು ಯೋಚಿಸಲು ನನಗೆ ಇಂಗ್ಲಿಷ್ ಸಂಪುಟಗಳು ಬೇಕಾಗಲಿಲ್ಲ. ನಮ್ಮ ಮನೆಯಲ್ಲೇ ಒಂದು ಪುಸ್ತಕವಿತ್ತು, ಲಕ್ಷ್ಮೀಶನ ಜೈಮಿನಿ ಭಾರತ. ಮೂವತ್ತನಾಲ್ಕು ಸಂಧಿ, ವಾರ್ಧಕ ಷಟ್ಪದಿ. ಲಕ್ಷ್ಮೀಶ ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ದೇವನೂರಿನವನು ಎಂದು ಶಾಲೆಯ ಪುಸ್ತಕ ಹೇಳುತ್ತದೆ, ನಾನೂ ಮಕ್ಕಳಿಗೆ ಹಾಗೆಯೇ ಬರೆಸುತ್ತೇನೆ. ನಮ್ಮ ಸುರಪುರದ ಹಿರಿಯರು ಇದಕ್ಕೆ ಒಪ್ಪುವುದಿಲ್ಲ. ಆತ ಇಲ್ಲಿಯ ದೇವಾಪುರದವನು, ನಮ್ಮವನು ಎಂದು ಅವರ ವಾದ. ವಿದ್ವಾಂಸರು ಬಗೆಹರಿಸಿಕೊಳ್ಳಲಿ. ಸತ್ತು ನಾನೂರು ವರ್ಷದ ಮೇಲೂ ಎರಡು ಊರು ಜಗಳಾಡುವ ಭಾಗ್ಯ ಎಷ್ಟು ಮಂದಿಗೆ ಇದೆ?

ಆ ಪುಸ್ತಕದ ಕಥೆ ಇಷ್ಟು: ಧರ್ಮರಾಯ ಅಶ್ವಮೇಧ ಮಾಡಬೇಕು. ಕುದುರೆ ಬಿಟ್ಟರು. ಕುದುರೆ ಹೋದ ಕಡೆ ಅರ್ಜುನ ಹಿಂದೆ ಹೋಗಬೇಕು. ಕುದುರೆಗೆ ಅವಸರವಿಲ್ಲ. ಅದು ಮೇಯುತ್ತದೆ, ನೀರು ಕುಡಿಯುತ್ತದೆ, ಯಾವುದೋ ಊರಿಗೆ ನುಗ್ಗುತ್ತದೆ. ಅಲ್ಲಿ ಯಾರೋ ಕಟ್ಟಿಹಾಕುತ್ತಾರೆ. ಕುದುರೆ ನಿಂತಲ್ಲಿ ಒಂದು ಕಥೆ. ಬಿಡಿಸಿಕೊಂಡು ಹೊರಟರೆ ಮತ್ತೆ ನಡಿಗೆ. ನನ್ನ ಸೊಸೆ ಬೈಯುವ ನಾನೂರು ಪುಟದ ನಡಿಗೆಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ ನೋಡಿ.

ಆದರೆ ಇದನ್ನು ಯಾರೂ ಬೈಯುತ್ತಿರಲಿಲ್ಲ. ಯಾಕೆಂದರೆ ಇದನ್ನು ಒಬ್ಬರೇ ಕೂತು ಕಣ್ಣಿನಿಂದ ಓದುತ್ತಿರಲಿಲ್ಲ. ನಮ್ಮಪ್ಪ ನಿಜಾಮನ ಕಾಲದಲ್ಲಿ ಉರ್ದು ಶಾಲೆಯಲ್ಲಿ ಕಲಿತವರು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬರುವ ತನಕ ನಮ್ಮ ಭಾಗದಲ್ಲಿ ಕನ್ನಡ ಉಳಿದದ್ದು ಕಚೇರಿಯಲ್ಲಲ್ಲ, ಅಡಿಗೆಮನೆಯಲ್ಲಿ, ಹೊಲದಲ್ಲಿ, ಭಜನೆಯಲ್ಲಿ, ಮತ್ತು ಈ ಪುರಾಣ ಹೇಳುವ ಕಟ್ಟೆಯಲ್ಲಿ. ಶ್ರಾವಣ ಬಂತೆಂದರೆ ಒಂದು ಕಡೆ ಶರಣರ ಪುರಾಣ, ಒಂದು ಕಡೆ ಜೈಮಿನಿ. ನವರಾತ್ರಿಗೆ ಚಿದಾನಂದಾವಧೂತರ ದೇವಿ ಪುರಾಣ. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳುವವರು ಹಾಗೇ ಊರ ಸುದ್ದಿಗೂ ಬರುತ್ತಾರೆ, ಬಂದು ಮತ್ತೆ ಪದ್ಯಕ್ಕೆ ಮರಳುತ್ತಾರೆ. ಕೇಳುವ ಹೆಂಗಸರ ಕೈ ಖಾಲಿ ಇರುವುದಿಲ್ಲ. ಒಬ್ಬಳು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಾಳೆ, ಒಬ್ಬಳು ತೊಗರಿಬೇಳೆ ಆರಿಸುತ್ತಾಳೆ, ಒಬ್ಬಳ ತೊಡೆಯ ಮೇಲೆ ಕೂಸು. ಕಥೆ ಬೇಗ ಓಡಿದರೆ ಅವರಿಗೇ ತೊಂದರೆ. ಕೂಸಿಗೆ ಹಾಲು ಕೊಟ್ಟು ಬರುವಷ್ಟರಲ್ಲಿ ಒಂದು ರಾಜ್ಯ ಮುಳುಗಿಬಿಟ್ಟರೆ ಹೇಗೆ? ಎರಡು ದಿನ ಕಳೆ ತೆಗೆಯಲು ಹೋಗಿ ತಪ್ಪಿಸಿಕೊಂಡವಳು ಮೂರನೆಯ ದಿನ ಬಂದು, "ಕುದುರಿ ಎಲ್ಲಿಗೆ ಬಂತು?" ಎಂದು ಪಕ್ಕದವಳನ್ನು ಕೇಳಿ ಕೂತರೆ ಎಲ್ಲ ತಿಳಿಯುತ್ತಿತ್ತು.

ಹಾಗೆಂದು ನಿಧಾನವೆಲ್ಲ ಒಳ್ಳೆಯದೆಂದು ನಾನು ಹೇಳುವವಳಲ್ಲ. ಕಾವ್ಯ ಎಂದರೆ ಹದಿನೆಂಟು ವರ್ಣನೆ ಇರಲೇಬೇಕೆಂದು ನಮ್ಮ ಪಂಡಿತರು ಕಟ್ಟು ಮಾಡಿಟ್ಟಿದ್ದರು. ಸಮುದ್ರ, ಬೆಟ್ಟ, ಋತು, ಚಂದ್ರೋದಯ, ಜಲಕ್ರೀಡೆ. ಬಯಲುಸೀಮೆಯ ನಮಗೆ ಸಮುದ್ರವೆಲ್ಲಿಂದ ಬರಬೇಕು? ಅಂಥ ಪದ್ಯಗಳನ್ನು ನಾನು ಈಗಲೂ ಹಾರಿಸಿಬಿಡುತ್ತೇನೆ. ಜಾಹೀರಾತಿಗಾಗಿ ಎಳೆಯುವ ನಿಧಾನವೂ ಇದೆ, ಅದು ನಮ್ಮ ಹೊತ್ತನ್ನು ಮಾರಿಕೊಳ್ಳುವ ವ್ಯಾಪಾರ. ಅದನ್ನು ಬೈಯಲು ಸೊಸೆಗೆ ಪೂರ್ತಿ ಹಕ್ಕಿದೆ.

ಈಗ ಪವಾಡದ ಮಾತಿಗೆ ಬರುತ್ತೇನೆ.

ಜೈಮಿನಿಯಲ್ಲಿ ಸುಧನ್ವನ ಕಥೆ ಬರುತ್ತದೆ. ಕೇಳದವರಿಗಾಗಿ ಎರಡು ಮಾತು. ಚಂಪಕಾಪುರದ ರಾಜ ಹಂಸಧ್ವಜ ಅರ್ಜುನನ ಕುದುರೆ ಕಟ್ಟಿದ. ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಡಂಗುರ ಹೊಡೆಸಿದ. ತಡವಾಗಿ ಬಂದವನು ಅವನ ಮಗ ಸುಧನ್ವನೇ. ಯುದ್ಧಕ್ಕೆ ಹೊರಟ ಗಂಡನನ್ನು ಹೆಂಡತಿ ಪ್ರಭಾವತಿ ನಿಲ್ಲಿಸಿಕೊಂಡಿದ್ದಳು. ಹೋದವನು ತಿರುಗಿ ಬಾರದಿದ್ದರೆ ತನಗೊಂದು ಮಗುವಾದರೂ ಇರಲಿ ಎಂದು. ರಾಜ ಅಳುಕಿದರೂ ಪುರೋಹಿತರಾದ ಶಂಖ, ಲಿಖಿತ ಇಬ್ಬರೂ ಬಿಡಲಿಲ್ಲ. ಆಡಿದ ಮಾತು ನಡೆಯಲೇಬೇಕು. ಹಾಕಿದರು. ಎಣ್ಣೆ ಸುಡಲಿಲ್ಲ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಪುರೋಹಿತರಿಗೆ ಸಂಶಯ ಬಂದು ಒಂದು ತೆಂಗಿನಕಾಯಿ ಹಾಕಿಸಿದರೆ, ಅದು ಸಿಡಿದು ಎರಡು ಹೋಳಾಗಿ ಇಬ್ಬರಿಗೂ ಬಡಿಯಿತು. ಇಲ್ಲಿಗೆ ಬಂದಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಆಮೇಲೆ ಅದೇ ಸುಧನ್ವ ಯುದ್ಧಕ್ಕೆ ಹೋಗಿ ಅರ್ಜುನನ ಬಾಣಕ್ಕೆ ಸತ್ತ.

ಚಿಕ್ಕವಳಿದ್ದಾಗ ನಾನು ಆಯಿಯನ್ನು ಕೇಳಿದ್ದೆ, ಎಣ್ಣೆಯಲ್ಲಿ ಉಳಿಸಿದ ದೇವರು ಬಾಣದಿಂದ ಯಾಕೆ ಉಳಿಸಲಿಲ್ಲ ಎಂದು. ಆಯಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಕೈಯೊಳಗಿನ ಬತ್ತಿ ನಿಲ್ಲಿಸದೆಯೇ ಹೇಳಿದಳು: "ಬಾಣ ಹೊಡದಾಂವ ವೈರಿ. ವೈರಿ ಕೈಯಾಗ ಸತ್ರ ಅದು ಯುದ್ಧ. ಎಣ್ಣ್ಯಾಗ ಹಾಕ್ಸಿದಾಂವ ಹಡದಪ್ಪ. ಹಡದಪ್ಪನ ಕೈಯಾಗ ಸತ್ರ ಅದಕ್ಕೇನಂತಾರ?"

ಎಷ್ಟೋ ವರ್ಷ ಈ ಉತ್ತರ ನನಗೆ ಸಾಕಾಗಿತ್ತು. ವೈರಿಯ ಕತ್ತಿಗೆ ನಾವೇ ಎದುರು ನಿಲ್ಲಬೇಕು, ಮನೆಯವರೇ ಮಾಡುವ ಅನ್ಯಾಯಕ್ಕೆ ಮಾತ್ರ ದೇವರು ಅಡ್ಡ ಬರುತ್ತಾನೆ. ದ್ರೌಪದಿಗೂ ಹಾಗೇ ಅಲ್ಲವೆ? ಸೆರಗು ಹಿಡಿದೆಳೆದವನು ಮೈದುನ, ಪಣಕ್ಕಿಟ್ಟವನು ಗಂಡ, ನೋಡುತ್ತ ಕೂತವರು ಮಾವಂದಿರು. ಅವಳಿಗೂ ಸೀರೆ ಅಕ್ಷಯವಾಯಿತು.

ನನ್ನ ಜೊತೆ ಬಿ.ಇಡಿ. ಓದಿದವಳೊಬ್ಬಳು ಇದ್ದಳು. ಅಕ್ಷರ ಮುತ್ತಿನಂತೆ, ಸ್ವಭಾವವೂ ಹಾಗೇ. ಮದುವೆಯಾಗಿ ಎರಡು ವರ್ಷಕ್ಕೆ, 1995ರಲ್ಲಿ, ಸ್ಟೋವ್ ಸಿಡಿಯಿತು ಎಂದು ಸುದ್ದಿ ಬಂತು. ಆ ಕಾಲದಲ್ಲಿ ಸ್ಟೋವುಗಳು ಸೊಸೆಯಂದಿರು ಅಡಿಗೆ ಮಾಡುವಾಗ ಮಾತ್ರ ಸಿಡಿಯುತ್ತಿದ್ದವು, ಅತ್ತೆ ಚಹಾ ಕಾಸುವಾಗ ಸಿಡಿದದ್ದನ್ನು ನಾನಂತೂ ಕೇಳಲಿಲ್ಲ. ಗಂಡನ ಮನೆಯ ಕ್ರೌರ್ಯಕ್ಕೆ 498ಎ ಕಲಮು 1983ರಲ್ಲೇ ಬಂದಿತ್ತು, ವರದಕ್ಷಿಣೆ ಸಾವಿಗೆ 304ಬಿ ಕಲಮು 1986ರಲ್ಲಿ ಬಂದಿತ್ತು. ಮೊಕದ್ದಮೆಯೂ ಆಯಿತು. ಆದರೆ ಕೂಗು ಕೇಳಿಸಿಕೊಂಡ ನೆರೆಯವರಲ್ಲಿ ಒಬ್ಬರೂ ಸಾಕ್ಷಿ ಹೇಳಲು ಬರಲಿಲ್ಲ. ಮಣ್ಣಿಗೆ ಹೋದಾಗ ಅಂಗಳದಲ್ಲಿ ಕೂತಿದ್ದ ಹಿರಿಯರು ಒಬ್ಬೊಬ್ಬರಾಗಿ ಹೇಳುತ್ತಿದ್ದ ಮಾತು ಒಂದೇ: "ಆಕಿ ಹಣೆಬರ ಅಷ್ಟೇ ಇತ್ತು."

ಎಣ್ಣೆ ತಣ್ಣಗಾಗಲಿಲ್ಲ. ಮನೆಯವರೇ ಹಚ್ಚಿದ ಬೆಂಕಿ ಸುಟ್ಟಿತು. ಆಯಿಯ ಉತ್ತರ ಅಂದಿನಿಂದ ನನಗೆ ಸಾಲದಾಯಿತು. ಆಯಿ ಆಗ ಇರಲಿಲ್ಲ, ಇದ್ದಿದ್ದರೂ ಕೇಳುವ ಧೈರ್ಯ ನನಗೆ ಆಗುತ್ತಿತ್ತೋ ಇಲ್ಲವೋ.

ಅಂದಿನಿಂದ ಪವಾಡದ ಕಥೆಗಳನ್ನು ನಾನು ಓದುವ ರೀತಿ ಬದಲಾಯಿತು. ಇದು ನಿಜವೋ ಸುಳ್ಳೋ ಎಂದು ಕೇಳುವುದಿಲ್ಲ. ಅದು ಹೈಸ್ಕೂಲಿನ ವಿಜ್ಞಾನದ ಪ್ರಶ್ನೆ. ಈ ಪವಾಡದಿಂದ ಬದುಕಿಕೊಂಡವರು ಯಾರು ಎಂದು ಕೇಳುತ್ತೇನೆ. ಸುಧನ್ವ ಬದುಕಿದ, ಸರಿ. ಅವನಿಗಿಂತ ಹೆಚ್ಚು ಬದುಕಿದವನು ಹಂಸಧ್ವಜ. ಎಣ್ಣೆ ಸುಟ್ಟಿದ್ದರೆ ಆತ ಮಗನನ್ನು ಕೊಂದ ತಂದೆಯಾಗುತ್ತಿದ್ದ. ಸುಡಲಿಲ್ಲವಾದ್ದರಿಂದ ಮಾತಿಗೆ ತಪ್ಪದ ರಾಜನಾದ. ಹಾಗೆಯೇ ಸೀರೆ ಬೆಳೆದದ್ದರಿಂದ ದ್ರೌಪದಿಯ ಮಾನ ಉಳಿಯಿತು ಎನ್ನುತ್ತೇವೆ. ಉಳಿದದ್ದು ಆ ಸಭೆಯ ಮಾನ. ಅವಳು ಒಂದು ಪ್ರಶ್ನೆ ಕೇಳಿದ್ದಳು: ತನ್ನನ್ನು ತಾನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಉಂಟೆ? ಇಡೀ ಸಭೆಯಲ್ಲಿ ಅದಕ್ಕೆ ಉತ್ತರ ಹೇಳುವವರಿಲ್ಲ. ಭೀಷ್ಮರು ಧರ್ಮ ಸೂಕ್ಷ್ಮ ಎಂದರು. ವಿದುರ ಹೇಳಿ ಸೋತ. ಕೌರವರಲ್ಲಿ ವಿಕರ್ಣನೊಬ್ಬ ಎದ್ದು ನಿಂತ, ಅವನನ್ನು ಕರ್ಣ ಗದರಿಸಿ ಕೂಡಿಸಿದ. ಆಮೇಲೆ ಪವಾಡ ಆಯಿತು. ಪವಾಡ ಆದ ಮೇಲೆ ಪ್ರಶ್ನೆ ಯಾರಿಗೆ ಬೇಕು? ಎಲ್ಲರ ಕಣ್ಣೂ ಸೀರೆಯ ರಾಶಿಯ ಮೇಲೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಪುಣೆಯ ಭಂಡಾರಕರ ಸಂಸ್ಥೆಯವರು 1919ರಿಂದ 1966ರವರೆಗೆ ಕೂತು, ದೇಶದ ಎಲ್ಲ ಕಡೆಯ ಓಲೆಪ್ರತಿ ತರಿಸಿ, ಹೋಲಿಸಿ, ಮಹಾಭಾರತದ ಶುದ್ಧ ಪಾಠವೊಂದನ್ನು ಸಿದ್ಧಮಾಡಿದರು. ಅದರಲ್ಲಿ ದ್ರೌಪದಿ ಕೃಷ್ಣನನ್ನು ಕೂಗಿ ಕರೆಯುವ ಭಾಗ ಮೂಲಪಾಠದಲ್ಲಿಲ್ಲ, ಆಮೇಲೆ ಸೇರಿದ್ದೆಂದು ಅಡಿಟಿಪ್ಪಣಿಗೆ ಇಳಿಸಿದ್ದಾರೆ. ಸೀರೆ ಬೆಳೆಯುವುದು ಉಳಿದಿದೆ, ಕೂಗು ಇಲ್ಲ. ಅವಳ ಪ್ರಶ್ನೆ ಮಾತ್ರ ಪೂರ್ತಿಯಾಗಿ, ಅಧ್ಯಾಯಗಟ್ಟಲೆ ಉಳಿದಿದೆ. ಅಂದರೆ ಹಳೆಯ ಕಥೆಗಾರ ಹೆಚ್ಚು ಹೊತ್ತು ಕೊಟ್ಟದ್ದು ಪ್ರಶ್ನೆಗೆ. ಪವಾಡಕ್ಕೆ ಆತ ಕೊಟ್ಟದ್ದು ನಾಲ್ಕಾರು ಶ್ಲೋಕ ಅಷ್ಟೇ. ನಾವು ಮಾಡಿದ್ದೇನು? ಪ್ರಶ್ನೆ ಕೇಳುವ ಭಾಗ ಉದ್ದವಾಯಿತು, ಬೇಸರ ಎಂದು ಬಿಟ್ಟೆವು. ಕ್ಯಾಲೆಂಡರಿನ ಚಿತ್ರದಲ್ಲಿ ಮೋಡದೊಳಗಿಂದ ಸೀರೆ ಬಿಡುವ ಕೃಷ್ಣನ ಕೈಯನ್ನು ಬರೆಯಬಹುದು, ಪ್ರಶ್ನೆಯನ್ನು ಬರೆಯುವುದು ಹೇಗೆ?

ನನ್ನ ಸೊಸೆಯ ಎರಡು ದೂರುಗಳು ಎರಡಲ್ಲ, ಒಂದೇ ಎಂದು ನನಗೆ ಹೊಳೆದದ್ದು ಇಲ್ಲಿ. ಮಾಯೆ ಯಾವಾಗಲೂ ಬೇಗ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗಿಹೋಗುತ್ತದೆ. ಮನುಷ್ಯರು ಯೋಚಿಸುವುದು, ಹಿಂಜರಿಯುವುದು, ಒಬ್ಬರನ್ನೊಬ್ಬರು ಕೇಳುವುದು, ಉತ್ತರ ಹೇಳದೆ ತಲೆ ತಗ್ಗಿಸುವುದು, ಇವೆಲ್ಲ ನಿಧಾನ. ನಿಧಾನದ ಪುಟಗಳನ್ನು ಹಾರಿಸಿ ಹಾರಿಸಿ ಓದಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಮಾಯೆ ಮಾತ್ರ. ಆಮೇಲೆ, ಅಯ್ಯೋ ಬರೀ ಮಾಯೆಯೇ ಎಂದು ಬೈಯುತ್ತೇವೆ. ಅವಳಿಗೆ ಹೀಗೆ ಹೇಳಿದಾಗ, "ನೀ ಒಂದ್ಸಲ ಓದಿ ನೋಡತ್ತಿ, ಆಮ್ಯಾಲ ಹೇಳು" ಅಂದಳು. ಹದಿನಾಲ್ಕು ಸಂಪುಟ ಓದುವ ಕಣ್ಣು ನನಗಿಲ್ಲ. ಟೋಲ್ಕಿನ್‌ನ ಉಂಗುರದ ಕಥೆಯನ್ನು ಮಾತ್ರ, 1954-55ರಲ್ಲಿ ಬಂದದ್ದು, ಒಂದು ಬೇಸಿಗೆ ರಜೆಯಲ್ಲಿ ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಅಲ್ಲಿಯೂ ಬಹಳ ನಡಿಗೆ. ಕೊನೆಗೆ ಬೆಂಕಿಯ ಬೆಟ್ಟದಿಂದ ಹದ್ದುಗಳು ಬಂದು ಎತ್ತಿಕೊಂಡು ಹೋಗುತ್ತವೆ. ಆ ಹದ್ದುಗಳನ್ನು ಮೊದಲೇ ಯಾಕೆ ಕರೆಯಲಿಲ್ಲ ಎಂದು ಓದುಗರು ಈಗಲೂ ಕೇಳುತ್ತಾರಂತೆ. ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೆ. ಎಲ್ಲರಿಗಿಂತ ಹೆಚ್ಚು ಶಕ್ತಿಯಿರುವ ಮುದುಕ ಮಾಂತ್ರಿಕನ ಕೈಗೆ ಉಂಗುರ ಕೊಡಲು ಹೋದರೆ ಆತ ಬೇಡ ಎನ್ನುತ್ತಾನೆ. ಹೊರಬೇಕಾದವನು ಮೊಣಕಾಲುದ್ದದವನಂಥ ಒಬ್ಬ ಸಾಮಾನ್ಯ. ನಮ್ಮ ಕೃಷ್ಣನೂ ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲ ಎಂದು ಮಾತು ಕೊಟ್ಟು ಕುದುರೆಯ ಹಗ್ಗ ಹಿಡಿದ. ಮಾಯೆ ಇದ್ದವನು ಕೈ ಕಟ್ಟಿಕೊಂಡರೆ ಮಾತ್ರ ಮನುಷ್ಯರ ಕಥೆ ನಡೆಯುತ್ತದೆ ಎಂದು ಈ ಬರೆದವರಿಗೂ ಗೊತ್ತಿತ್ತು.

ಪವಾಡವನ್ನೆಲ್ಲ ತೆಗೆದುಹಾಕಿ ಬರೆದವರೂ ಇದ್ದಾರೆ. ಭೈರಪ್ಪನವರ 'ಪರ್ವ' 1979ರಲ್ಲಿ ಬಂತು. ವರ ಇಲ್ಲ, ಶಾಪ ಇಲ್ಲ, ಮಂತ್ರದಿಂದ ಹುಟ್ಟುವ ಮಕ್ಕಳಿಲ್ಲ, ಇರುವುದೆಲ್ಲ ಮನುಷ್ಯರು, ಅವರ ಬೆವರು, ವಯಸ್ಸು, ಆಸೆ. ಕುಂತಿಯನ್ನು ಅಷ್ಟು ಹತ್ತಿರದಿಂದ ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಆದರೂ ಅದನ್ನು ಆಯಿಗೆ ಓದಿ ಹೇಳುವ ಮನಸ್ಸಾಗುತ್ತಿರಲಿಲ್ಲ. ಅವಳ ಗಂಡ ಇದ್ದಾಗಲೂ ಇಲ್ಲದಾಗಲೂ ಅವಳಿಗೆ ಯಾವ ಸುಖವೂ ಇರಲಿಲ್ಲ. ಕೊಪ್ಪರಿಗೆ ತಣ್ಣಗಾಯಿತು ಎಂದು ಕೇಳಿದ ರಾತ್ರಿ ಅವಳ ಮುಖ ನಾನು ನೋಡಿದ್ದೇನೆ. ಅವಳಿಂದ ಅದನ್ನು ಕಿತ್ತುಕೊಳ್ಳುವ ಅಧಿಕಾರ ಯಾವ ವಿಚಾರವಂತರಿಗೂ ಇಲ್ಲ, ನನಗಂತೂ ಇಲ್ಲ. ದಣಿದವರಿಗೆ ಪವಾಡ ನೆರಳು. ನನ್ನ ತಕರಾರು ಇರುವುದು ಆ ನೆರಳಿನಲ್ಲಿ ಬಂದು ಕೂಡುವ ಹಂಸಧ್ವಜರ ಬಗ್ಗೆ.

ಅಂಥವರು ಪುರಾಣದಲ್ಲಷ್ಟೇ ಇಲ್ಲ. ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕನ ಕಥೆ ಹೇಳಿಸಿ ನೋಡಿ. ಎಲ್ಲರ ಬಾಯಿಗೂ ಮೊದಲು ಬರುವುದು ಜ್ಯೋತಿಷಿಯ ಮಾತು: ಇಪ್ಪತ್ತನಾಲ್ಕು ದಾಟುವುದಿಲ್ಲ ಎಂದು ಜಾತಕದಲ್ಲಿತ್ತು, ದಾಟಲಿಲ್ಲ. ಆತನನ್ನು ಮಗನಂತೆ ಬೆಳೆಸಿದ ಮೆಡೋಸ್ ಟೇಲರ್ ಸಾಹೇಬನೂ ತನ್ನ ಆತ್ಮಕಥೆಯಲ್ಲಿ ಈ ಭವಿಷ್ಯವನ್ನು ಬೆರಗಿನಿಂದಲೇ ಬರೆದಿದ್ದಾನೆ. ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿದ್ದವನು, ಗುಡ್ಡದ ಮೇಲೆ ಆತನ ಬಂಗಲೆ ಟೇಲರ್ ಮಂಜಿಲ್ ಈಗಲೂ ಇದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಹುಡುಗ ರಾಜ ಸೆರೆಯಾದ. ಮರಣದಂಡನೆ ಕಡಿಮೆಯಾಗುತ್ತ ನಾಲ್ಕು ವರ್ಷದ ಸೆರೆಗೆ ಇಳಿದಿತ್ತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಸತ್ತ. ಕಾವಲಿನಲ್ಲಿದ್ದ ರಾಜನ ಕೈಗೆ ಪಿಸ್ತೂಲು ಹೇಗೆ ಬಂತು, ಅಷ್ಟು ಚಿಕ್ಕವನನ್ನು ಅಲ್ಲಿಯವರೆಗೆ ತಳ್ಳಿದವರು ಯಾರು ಯಾರು ಎಂದು ಕೇಳುವುದರೊಳಗೆ ಜಾತಕದ ಮಾತು ಬಂದು ಬಾಯಿ ಮುಚ್ಚಿಸುತ್ತದೆ. ಹಣೆಯಲ್ಲಿ ಬರೆದಿತ್ತು ಎಂದರೆ ಬರೆದವನು ಬ್ರಹ್ಮ, ಆತನ ಮೇಲೆ ಯಾವ ಪೊಲೀಸ್ ಠಾಣೆಯಲ್ಲಿ ದೂರು ಕೊಡುವುದು? ನನ್ನ ಗೆಳತಿಯ ಅಂಗಳದಲ್ಲಿ ಕೂತಿದ್ದ ಹಿರಿಯರಿಗೂ ಇದು ಗೊತ್ತಿತ್ತು.

ಲಕ್ಷ್ಮೀಶನ ಮೇಲೆ ಇಷ್ಟು ಹೇಳಿದ ಮೇಲೆ ಆತನ ಪರವಾಗಿಯೂ ಹೇಳಬೇಕು. ಜೈಮಿನಿಯಲ್ಲಿ ಹೆಂಗಸರಿಗೆ ಮಾಯೆ ಯಾವಾಗಲೂ ಒದಗಿಲ್ಲ, ಕೆಲವೊಮ್ಮೆ ಅಡ್ಡವೇ ಬಂದಿದೆ. ಗಂಡ ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುತ್ತಿದ್ದ ಚಂಡಿ ಗಂಡನ ಶಾಪದಿಂದ ಕಲ್ಲಾಗಿ ಬಿದ್ದಿದ್ದಳು, ಅರ್ಜುನನ ಕೈ ತಾಗಿ ಎದ್ದಳು. ಇದನ್ನು ಕೇಳುವಾಗ ನಗುವ ಹೆಂಗಸರಲ್ಲಿ ಅರ್ಧ ಮಂದಿ ಯಾವ ಪಕ್ಷದಲ್ಲಿ ನಗುತ್ತಿದ್ದರು ಎಂದು ನಾನು ಹೇಳಲಾರೆ. ಹೆಂಗಸರದೇ ರಾಜ್ಯ ಆಳುತ್ತಿದ್ದ ಪ್ರಮೀಳೆ ಅರ್ಜುನನಿಗೆ ಸರಿಸಮ ನಿಂತಿದ್ದಳು, ಆಕಾಶವಾಣಿ ಆಗಿ ಯುದ್ಧ ಮದುವೆಗೆ ಮುಗಿಯಿತು. ಆಕಾಶವಾಣಿಗೆ ಇನ್ನೊಂದು ಗಳಿಗೆ ತಡೆಯಲು ಏನಾಗಿತ್ತೋ!

ಆದರೆ ವಿಷಯೆ ಇದ್ದಾಳೆ. ಅವಳ ತಂದೆ ದುಷ್ಟಬುದ್ಧಿ ಚಂದ್ರಹಾಸನ ಕೈಯಲ್ಲೇ ಮಗನಿಗೆ ಒಂದು ಪತ್ರ ಕೊಟ್ಟು ಕಳಿಸಿದ, ಬಂದವನಿಗೆ ವಿಷ ಕೊಡು ಎಂದು. ಹುಡುಗ ದಣಿದು ತೋಟದಲ್ಲಿ ನಿದ್ದೆ ಹೋಗಿದ್ದ. ತೋಟಕ್ಕೆ ಬಂದ ವಿಷಯೆ ಪತ್ರ ತೆಗೆದು ಓದಿದಳು. ಅವಳಿಗೆ ಓದಲು ಬರುತ್ತಿತ್ತು ನೋಡಿ, ಕಥೆ ನಿಂತಿರುವುದು ಇದರ ಮೇಲೆ. ಕಣ್ಣಿನ ಕಾಡಿಗೆಯಿಂದ ಒಂದಕ್ಷರ ತಿದ್ದಿ ವಿಷವನ್ನು ವಿಷಯೆ ಮಾಡಿದಳು. ಯಾವ ದೇವರನ್ನೂ ಕರೆಯಲಿಲ್ಲ. ಒಂದು ಜೀವ ಉಳಿಯಿತು, ತನಗೆ ಒಪ್ಪಿದ ಗಂಡನೂ ಸಿಕ್ಕ. ಇಡೀ ಪುಸ್ತಕದಲ್ಲಿ ನನಗೆ ಬಹಳ ಪ್ರೀತಿಯ ಪವಾಡ ಇದು.

2011ರ ಜನಗಣತಿಯಲ್ಲಿ ಅಕ್ಷರ ಬಲ್ಲವರ ಲೆಕ್ಕದಲ್ಲಿ ನಮ್ಮ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ. ನೂರಕ್ಕೆ 52 ಮಂದಿ, ಹೆಂಗಸರಲ್ಲಿ ನೂರಕ್ಕೆ 41. ಜಿಲ್ಲೆಯಾಗಿ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಹುಟ್ಟುತ್ತಲೇ ಈ ಹೆಸರು ಬಂತು. ಉಳಿದ ಐವತ್ತೊಂಬತ್ತು ಮಂದಿಯ ಕೈಗೆ ಪತ್ರ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಪಾಠ ಮಾಡುವಾಗ ಕೇಳುತ್ತೇನೆ. ಹುಡುಗಿಯರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಎಷ್ಟೋ ಮಂದಿಯ ತಾಯಂದಿರು ಹೆಬ್ಬೆಟ್ಟು ಒತ್ತುವವರು.

ಹತ್ತನೆಯ ತರಗತಿಗೆ ಜೈಮಿನಿಯಿಂದಲೇ ಆಯ್ದ 'ವೀರಲವ' ಪದ್ಯ ಪಾಠ ಮಾಡುತ್ತೇನೆ. ಕಾಡಿಗೆ ಬಿಟ್ಟ ತಾಯಿಯ ಮಗ, ಮುನಿಯ ತೋಟಕ್ಕೆ ನುಗ್ಗಿದ ರಾಮನ ಯಜ್ಞದ ಕುದುರೆಯನ್ನು ಹೊದ್ದ ಉತ್ತರೀಯದಿಂದ ಬಾಳೆಗಿಡಕ್ಕೆ ಕಟ್ಟಿಹಾಕುತ್ತಾನೆ. ಅದಕ್ಕೂ ಮೊದಲು ಅದರ ಹಣೆಯ ಪಟ್ಟಿಯ ಮೇಲೆ ಬರೆದದ್ದನ್ನು ಓದುತ್ತಾನೆ. ಜೊತೆಯ ಹುಡುಗರು ಹೆದರಿ ಬಿಡು ಬಿಡು ಎನ್ನುತ್ತಾರೆ. ಇಲ್ಲಿಯೂ ಮಾಯೆ ಇಲ್ಲ, ಒಂದು ಬಟ್ಟೆ, ಒಂದು ಬಾಳೆಗಿಡ ಅಷ್ಟೇ. ಒಂದೊಂದು ಪದ್ಯಕ್ಕೆ ಒಂದೊಂದು ಪೀರಿಯಡ್ ಹಿಡಿಯುತ್ತೇನೆ. ಪೋರ್ಷನ್ ಹಿಂದೆ ಬಿತ್ತು ಎಂದು ಮೇಲಿನವರು ಪ್ರತಿ ವರ್ಷ ಹೇಳುತ್ತಾರೆ, ನಾನೂ ಪ್ರತಿ ವರ್ಷ ಹೂಂ ಎನ್ನುತ್ತೇನೆ. ಅಷ್ಟು ಹೊತ್ತಿಗೆ ಶಹಾಪುರ, ಸುರಪುರದ ಕಡೆ ಹೊಲಗಳಲ್ಲಿ ಹತ್ತಿ ಒಡೆದಿರುತ್ತದೆ. ಹತ್ತಿ ಬಿಡಿಸಲು ಚಿಕ್ಕ ಕೈಗಳೇ ಬೇಕು. ಹುಡುಗಿಯರ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಕೆಲವರು ತಿರುಗಿ ಬರುವುದೇ ಇಲ್ಲ. ಮನೆಗೆ ಹೋಗಿ ಕೇಳಿದರೆ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋದರು ಎಂದೋ, ಸಂಬಂಧ ಗೊತ್ತಾಗಿದೆ ಎಂದೋ ಉತ್ತರ ಬರುತ್ತದೆ.

ಹೋದ ವರ್ಷ ಒಬ್ಬಳು ಎರಡು ವಾರ ಬಿಟ್ಟು ಬಂದಳು. ಬೆರಳ ತುದಿಗಳೆಲ್ಲ ಹತ್ತಿಕಾಯಿಯ ಮುಳ್ಳು ತರಚಿ ಕೆಂಪಾಗಿದ್ದವು. ಬಾಗಿಲಲ್ಲಿ ನಿಂತು ಹಲಗೆ ನೋಡಿದಳು, ಪುಸ್ತಕ ಬಿಚ್ಚಿಕೊಂಡಿದ್ದ ಪಕ್ಕದವಳನ್ನು ನೋಡಿದಳು, ಆಮೇಲೆ ನನ್ನನ್ನು ಕೇಳಿದಳು:

"ಟೀಚರ್ರಿ, ಕುದುರಿ ಇನ್ನ ಅಲ್ಲೇ ಅದ ಏನ್ರಿ?"

"ಅಲ್ಲೇ ಅದವಾ, ಬಾ ಕೂಡು" ಎಂದೆ.